ಸೈತಾನ ಓದದೇ ಬಿಟ್ಟ ವಚನ

ಇದನ್ನ ಬರೆಯಲೋ ಬೇಡವೋ ಅಂತ ಎರಡು ತಿಂಗಳು ಮುಂದಕ್ಕೆ ಹಾಕ್ತಾ ಬಂದೆ. ನಮ್ಮ ಚರ್ಚಿನ ಸಭೆಯವರೂ ಓದ್ತಾರೆ, ಗೊತ್ತು. ಓದಲಿ.

ಕಳೆದ ವರ್ಷ ಒಂದು ಮನೆ ಪ್ರಾರ್ಥನೆ ಮುಗಿದು, ಎಲ್ಲರ ಕೈಯಲ್ಲೂ ಗಿರ್ಮಿಟ್ಟಿನ ತಟ್ಟೆ ಇದ್ದ ಹೊತ್ತಿಗೆ ಒಬ್ಬ ಬ್ರದರ್ ಬಂದು ನನ್ನ ಪಕ್ಕ ಕೂತರು. ಬ್ಯಾಗಿನಿಂದ ತೆಗೆದದ್ದು ಬೈಬಲ್. ಮಲಾಕಿಯ 3:10 ಓದಿದರು. ದಶಮಾಂಶ, ಅಂದ್ರೆ ದುಡಿದದ್ದರ ಹತ್ತನೇ ಒಂದು ಪಾಲು, ತಂದು ನನ್ನನ್ನು ಪರೀಕ್ಷಿಸಿ, ಪರಲೋಕದ ದ್ವಾರ ತೆರೆದು ಸುರಿಸ್ತೀನೋ ಇಲ್ಲವೋ ನೋಡಿ ಅಂತ ದೇವರು ಹೇಳೋ ವಚನ. ಆಮೇಲೆ ದನಿ ತಗ್ಗಿಸಿ, "ಇದು ನಮ್ಮವರಿಗಷ್ಟೇ" ಅಂದರು. 50,000 ಹಾಕಿದರೆ ತಿಂಗಳಿಗೆ 5,000.

ನಾನು ಲೆಕ್ಕದಲ್ಲೇ ಹೊಟ್ಟೆ ಹೊರೆಯೋನು, ಅಂಗಡಿಯವರ ಜಿಎಸ್‌ಟಿ ರಿಟರ್ನ್ ತುಂಬೋದು ನನ್ನ ಕೆಲಸ. ತಿಂಗಳಿಗೆ 10 ಪರ್ಸೆಂಟ್ ಅಂದ್ರೆ ವರ್ಷಕ್ಕೆ 120. ಇದನ್ನೇ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳಿದ್ದರೆ ನಕ್ಕು ಎದ್ದು ಹೋಗ್ತಿದ್ದೆ. ಅವತ್ತು ನಗು ಬರಲಿಲ್ಲ. ಮಾತು ವಚನದ ಬೆನ್ನಿಗೇ ಬಂದಿತ್ತಲ್ಲ, ಸಂಶಯಪಟ್ಟರೆ ದೇವರನ್ನೇ ಸಂಶಯಪಟ್ಟ ಹಾಗೆ ಅನ್ನಿಸಿಬಿಟ್ಟಿತು. ಇನ್ನೊಂದನ್ನೂ ಹೇಳಿಬಿಡ್ತೀನಿ, ಆಸೆಯೂ ಇತ್ತು. ಮಗಳ ಕಾಲೇಜು ಫೀಸು ತಲೆಯಲ್ಲಿ ಕೊರೀತಾ ಇತ್ತು.

ಮೂರು ತಿಂಗಳು ದುಡ್ಡು ಬಂತು. ಮೂರನೇ ತಿಂಗಳ ಭಾನುವಾರ ನಾನು ಎದ್ದು ನಿಂತು, ಕರ್ತನು ನನ್ನ ಮನೆಯನ್ನ ಆಶೀರ್ವದಿಸಿದ ಅಂತ ಸಾಕ್ಷಿ ಹೇಳಿದೆ. ಅದನ್ನ ಕೇಳಿ ಇನ್ನಿಬ್ಬರು ದುಡ್ಡು ಹಾಕಿದರು. ಅವರಲ್ಲಿ ಒಬ್ಬರು ಗಂಡ ತೀರಿಕೊಂಡ, ರಿಟೈರ್ ಆದ ನರ್ಸಮ್ಮ. 1,50,000. ನಾಲ್ಕನೇ ತಿಂಗಳಿಗೆ ಬ್ರದರ್ ಫೋನು ಸ್ವಿಚ್ ಆಫ್.

ಅವ್ವನಿಗೆ ಹೇಳಿದೆ. ಬೈಯಲಿಲ್ಲ. ಒಂದು ಕಡ್ಡಿಗೆ ದಾರ ಸುತ್ತಿದ ಕನ್ನಡಕ ಹಾಕ್ಕೊಂಡು, ಬೈಬಲ್ಲಿನಲ್ಲಿ ಮತ್ತಾಯ 4 ತೆಗೆದು ಬೆರಳಿಟ್ಟಳು. 40 ದಿನ ಉಪವಾಸ ಇದ್ದ ಯೇಸುವನ್ನ ಸೈತಾನ ದೇವಾಲಯದ ಶಿಖರಕ್ಕೆ ಕರೆದೊಯ್ದು, ಧುಮುಕು, ದೂತರು ನಿನ್ನನ್ನ ಕೈಯಲ್ಲಿ ಎತ್ತಿಕೊಳ್ತಾರೆ ಅಂತ ಬರೆದಿದೆಯಲ್ಲ ಅನ್ನೋ ಜಾಗ. ಆಮೇಲೆ ಆ ಮಾತು ಇರೋ ಕೀರ್ತನೆ 91 ತೆಗೆದಳು. ಆ ಪುಟ ಎಣ್ಣೆಗೈ ತಾಗಿ ತಾಗಿ ಹಳದಿಯಾಗಿದೆ.

"ತಮ್ಮಾ, ಆಂವ ಓದಿದ್ದು ಖರೇ ವಚನಾನ ಐತಿ. ಎಲ್ಲಿ ನಿಲ್ಲಿಸ್ಯಾನ ಅದನ್ನ ನೋಡು."

ಸೈತಾನ ಓದಿದ್ದು 11 ಮತ್ತು 12ನೇ ವಚನ. 11ರಲ್ಲಿ "ನಿನ್ನ ಎಲ್ಲಾ ಮಾರ್ಗಗಳಲ್ಲಿ" ಕಾಯೋ ಮಾತಿದೆ, ಅದನ್ನ ನುಂಗಿದ್ದಾನೆ. 13ಕ್ಕೆ ಹೋಗಿಯೇ ಇಲ್ಲ. 13ರಲ್ಲಿ ಏನಿದೆ? ಸಿಂಹವನ್ನೂ ಸರ್ಪವನ್ನೂ ತುಳಿದುಬಿಡುವಿ ಅಂತ. ಬೈಬಲ್ಲಿನಲ್ಲಿ ಸೈತಾನನನ್ನೇ ಸರ್ಪ ಅಂತಾರೆ. ತನ್ನ ತಲೆ ಮೇಲೆ ಕಾಲಿಡೋ ಸಾಲು ಬರೋ ಮೊದಲೇ ಪುಸ್ತಕ ಮುಚ್ಚಿದ್ದಾನೆ! ಸಂಡೆಸ್ಕೂಲಿನಿಂದ ಎಷ್ಟು ಸಲ ಓದಿದೀನೋ, ಇದು ಕಣ್ಣಿಗೆ ಬಿದ್ದಿರಲಿಲ್ಲ.

ಯೇಸು ಕೊಟ್ಟ ಮೂರೂ ಉತ್ತರ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಪವಾಡ ಮಾಡಿ ತೋರಿಸಲಿಲ್ಲ, ವಾದಕ್ಕೂ ಕೂರಲಿಲ್ಲ. ದೇವರನ್ನ ಪರೀಕ್ಷಿಸಬಾರದು "ಎಂತಲೂ" ಬರೆದದೆ ಅಂದ. ಆ "ಲೂ" ಅನ್ನೋ ಒಂದಕ್ಷರ ಈಗ ನನ್ನನ್ನ ಬಿಡ್ತಿಲ್ಲ. ನೀನು ಹೇಳಿದ್ದೂ ಇದೆ, ಇದೂ ಇದೆ.

ಮಲಾಕಿಯನಿಗೂ ಅವ್ವ ಅದನ್ನೇ ಮಾಡಿಸಿದಳು. 10ನೇ ವಚನ ಆಲಯದಲ್ಲಿ ಆಹಾರ ಇರಲಿ ಅಂತ ಬಂಡಾರಕ್ಕೆ ತರೋ ದಶಮಾಂಶದ ಮಾತು; ಯಾರದೋ ಸ್ಕೀಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಐದು ವಚನ ಮೇಲೆ ಹೋದರೆ, ಸುಳ್ಳು ಪ್ರಮಾಣ ಮಾಡೋರ ವಿರುದ್ಧ, ಕೂಲಿಯಾಳು, ವಿಧವೆ, ಅನಾಥರನ್ನ ಹಿಂಸಿಸೋರ ವಿರುದ್ಧ ನಾನೇ ಸಾಕ್ಷಿಯಾಗಿ ಬರ್ತೀನಿ ಅಂತ ದೇವರು ಹೇಳ್ತಾನೆ. ವಿಧವೆ ಅನ್ನೋ ಪದ ಓದಿದಾಗ ಎದೆ ಧಸಕ್ಕಂತು.

ನಂಬಿಕೆ ಗಟ್ಟಿ ಇದ್ದರೆ ಮೋಸ ಹೋಗಲ್ಲ ಅಂತ ಪ್ರಸಂಗ ಕೇಳ್ತೀವಲ್ಲ, ನನಗೀಗ ಒಪ್ಪಿಗೆಯಿಲ್ಲ. ನಮ್ಮಂಥವರಿಗೆ ಗಾಳ ಹಾಕೋನು ನಂಬಿಕೆಯನ್ನೇ ಎರೆ ಮಾಡ್ತಾನೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ "ನಮ್ಮನ್ನು ಶೋಧನೆಯೊಳಗೆ ಸೇರಿಸದೆ" ಅಂತ ದಿನಾ ಹೇಳ್ತೀವಿ, ಶೋಧನೆ ಅಂದ್ರೆ ಪರೀಕ್ಷೆ. ಅಡುಗೆಮನೆಯಲ್ಲೂ ಶೋಧಿಸೋದು ಅಂತಾರೆ, ಕಷಾಯವನ್ನ ಬಟ್ಟೆಯಲ್ಲಿ ಹಿಂಡಿ ಚರಟ ಬೇರೆ ಮಾಡೋದಕ್ಕೆ. ಮೊದಲನೇ ಯೋಹಾನ 4:1 ಕೂಡ ಎಲ್ಲಾ ಆತ್ಮಗಳನ್ನು ನಂಬಬೇಡಿ, ಪರೀಕ್ಷಿಸಿ ಅನ್ನುತ್ತೆ. ಆದ್ರೂ ಸಭೆಯಲ್ಲಿ ಪ್ರಶ್ನೆ ಕೇಳಿದವನನ್ನ ಅಲ್ಪವಿಶ್ವಾಸಿ ಅಂತೀವಿ. ಮೋಸಗಾರನಿಗೆ ಇನ್ನೇನು ಬೇಕು ಹೇಳಿ.

ಪೊಲೀಸರಿಗೆ ದೂರು ಕೊಡ್ತೀನಿ ಅಂದಾಗ ಇಬ್ಬರು ಹಿರಿಯರು ಮನೆಗೇ ಬಂದರು. ಮೊದಲನೇ ಕೊರಿಂಥ 6 ಓದಿದರು: ಸಹೋದರ ಸಹೋದರನ ಮೇಲೆ ನ್ಯಾಯಾಲಯಕ್ಕೆ ಹೋಗೋದಾ? ಅನ್ಯಾಯವನ್ನೇ ಯಾಕೆ ಸಹಿಸಬಾರದು? ಏಳನೇ ವಚನಕ್ಕೆ ನಿಲ್ಲಿಸಿದರು. ಎಂಟು ಓದಿ ಅಂದೆ. ನೀವೇ ಅನ್ಯಾಯ ಮಾಡಿ ಸಹೋದರರನ್ನೇ ವಂಚಿಸ್ತೀರಿ ಅನ್ನೋ ಮಾತು ಅಲ್ಲಿದೆ. ಅದನ್ನ ಬರೆದ ಪೌಲನೇ ಅಪೊಸ್ತಲರ ಕೃತ್ಯಗಳು 25ರಲ್ಲಿ ಕೈಸರನಿಗೆ, ಅಂದ್ರೆ ರೋಮಿನ ಚಕ್ರವರ್ತಿಗೆ, ಮೊರೆಯಿಡ್ತೀನಿ ಅಂತಾನೆ. ಚಹಾ ಆರಿಹೋಯಿತು, ಎದ್ದು ಹೋದರು. ದೂರು ಕೊಟ್ಟೆ. ನೋಂದಣಿಯಿಲ್ಲದ ಠೇವಣಿ ಸ್ಕೀಮುಗಳ ವಿರುದ್ಧ 2019ರಲ್ಲೇ ಕೇಂದ್ರದ ಕಾನೂನು ಬಂದಿದೆ. ನನ್ನ ವೃತ್ತಿಯವನಿಗೆ ಇದು ಮೊದಲೇ ನೆನಪಾಗಬೇಕಿತ್ತು.

ನರ್ಸಮ್ಮನಿಗೆ ತಿಂಗಳಿಗೆ 2,000 ಕೊಡ್ತಾ ಇದೀನಿ. ಬೇಡ ಅಂತ ಅವರೂ ಹೇಳಲ್ಲ, ನಾನೂ ಬಿಡಲ್ಲ. ಮೊನ್ನೆ ಹೋದಾಗ ದುಡ್ಡು ಎಣಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, "ಅವತ್ತ ನೀ ಸಾಕ್ಷಿ ಭಾಳ ಚಂದ ಹೇಳಿದ್ಯಪಾ" ಅಂದರು. ಕುಟುಕಿದ್ದೋ, ಸುಮ್ಮನೆ ಅಂದದ್ದೋ ತಿಳಿಯಲಿಲ್ಲ. ಚಹಾ ಕೊಟ್ಟರು. ಕುಡಿದು ಬಂದೆ.