ಸದರಿ ನಾನು, ಸ್ವ-ಇಚ್ಛೆಯಿಂದ

ಹುಬ್ಬಳ್ಳಿ ಹುಡುಗರಿಗೆ ಗ್ರಾಂಥಿಕ ಕನ್ನಡ ಬರೋದಿಲ್ಲ ಎಂದು ಧಾರವಾಡದವರು ಆಡಿಕೊಳ್ಳುತ್ತಾರೆ. ಪಾಪ, ಅವರು ಆರೋಪಿ ತಾನಾಗಿಯೇ ತಪ್ಪೊಪ್ಪಿಕೊಂಡ ಎಂದು ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುವ 'ಸ್ವ-ಇಚ್ಛಾ ಹೇಳಿಕೆ' ಓದಿಲ್ಲ ಅಂತ ಕಾಣುತ್ತದೆ.

ದುರ್ಗದಬೈಲಿನಲ್ಲಿ ಗಿರಮಿಟ್ ತಿನ್ನುತ್ತ 'ಏ ಮಾವಾ, ಇನ್ನೊಂದ್ ಮಿರ್ಚಿ ಕೊಡೋ' ಎನ್ನುವ ಹುಡುಗನೊಬ್ಬನನ್ನು ಬೈಕ್ ಕದ್ದ ಅನುಮಾನದ ಮೇಲೆ ಒಯ್ದರು ಅನ್ನಿ. ಬೆಳಗಾಗುವಷ್ಟರಲ್ಲಿ ಅವನ ಬಾಯಿಂದ ಬಂದದ್ದು ನೋಡಿ: 'ಸದರಿ ದ್ವಿಚಕ್ರ ವಾಹನವನ್ನು ನಾನು ಕಳವು ಮಾಡಿದ್ದು ನಿಜವಿರುತ್ತದೆ. ನನ್ನ ಸಂಗಡ ಬಂದಲ್ಲಿ ಅಡಗಿಸಿಟ್ಟ ಸ್ಥಳವನ್ನು ತೋರಿಸಿ ಹಾಜರುಪಡಿಸುತ್ತೇನೆ.' ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ 35 ದಾಟದವನು ಒಂದೇ ರಾತ್ರಿಗೆ 'ಸದರಿ' ಕಲಿತ! ಮಾಸ್ತರರು 10 ವರ್ಷ ಬಡಿದರೂ ಆಗದ ಕೆಲಸ. ಬಡಿಯುವ ವಿಧಾನದಲ್ಲೇ ಏನೋ ಸುಧಾರಣೆ ಆಗಿರಬೇಕು, ಅಲ್ವಾ?

ಇಷ್ಟು ಚಂದ ಬರೆದದ್ದು ಕೋರ್ಟಿನಲ್ಲಿ ನಡೆಯೋದಿಲ್ಲ. 1872ರಲ್ಲಿ ಸಾಕ್ಷ್ಯ ಕಾಯ್ದೆ ಮಾಡಿದ ಬ್ರಿಟಿಷರೇ ತಮ್ಮ ಪೊಲೀಸರನ್ನು ನಂಬಲಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 25ನೇ ಕಲಂ ಬರೆದರು. ಕಸ್ಟಡಿಯಲ್ಲಿದ್ದಾಗ ಬೇರೆ ಯಾರ ಮುಂದೆ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟರು ಎದುರಿಗೆ ಇರದಿದ್ದರೆ ಅದೂ ವ್ಯರ್ಥ. 2024ರ ಜುಲೈ 1ಕ್ಕೆ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಕಲಂ ನಂಬರು 23 ಆಯಿತು. ಅಪನಂಬಿಕೆ ಮಾತ್ರ ಹಳೇದೇ.

ಒಂದು ಕಿಂಡಿ ಉಂಟು. ಹೇಳಿಕೆಯಿಂದ ಏನಾದರೂ ಪತ್ತೆಯಾದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ನಡೆಯುತ್ತದೆ. ಎಷ್ಟು? ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಕಟ್ಟಕಡೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ಕತ್ತರಿ ಹಿಡಿದು ತೋರಿಸಿತ್ತು. 'ಮನೆಯ ಮಾಡಿನಲ್ಲಿ ಬಚ್ಚಿಟ್ಟ ಚಾಕು ತೆಗೆದುಕೊಡುತ್ತೇನೆ' ಎಂಬುದು ಇರಲಿ, 'ಅದರಿಂದಲೇ ಚುಚ್ಚಿದೆ' ಎಂಬುದು ಬೇಡ.

ಅಂದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದ ನಾಲ್ಕು ಪುಟದಲ್ಲಿ ಉಳಿಯುವುದು ಒಂದೂವರೆ ಸಾಲು. ಉಳಿದದ್ದು ವಾಟ್ಸಾಪ್‌ಗೆ. ಸಂಜೆಗೆ 'ತಪ್ಪೊಪ್ಪಿಕೊಂಡ ಖದೀಮ' ಎಂದು ಫೋಟೋ ಸಮೇತ ಓಡಾಡುತ್ತದೆ. ನಮ್ಮ ಓಣಿಯ ಕಾಕಾ ಅಂದೇ ತೀರ್ಪು ಕೊಟ್ಟರು: 'ಅವನ ಒಪ್ಕೊಂಡಾನ, ಇನ್ನೇನ್ ಕೇಸ್ ನಡಸ್ತಾರೋ?'

ಒಂದೂವರೆ ಸಾಲಿಗಾಗಿ ಜೀಪು ಜಾಲಿಕಂಟಿಯ ಕಡೆ ಹೊರಡುತ್ತದೆ. ಯಾಕೋ ನಮ್ಮ ಕಡೆ ಕದ್ದ ಮಾಲೆಲ್ಲ ಜಾಲಿಕಂಟಿಯಲ್ಲೇ ಬೆಳೆಯುತ್ತದೆ. ಮಾಲು ಸಿಕ್ಕಿದ್ದನ್ನು ಕಂಡೆವೆಂದು ಸಹಿ ಹಾಕಲು ಇಬ್ಬರು ಪಂಚರು ಬೇಕಲ್ಲ? ಎದುರಿಗೇ ಚಹಾದಂಗಡಿ ಇದೆ.

'ಎಷ್ಟು ಪಂಚನಾಮೆಗೆ ಸಹಿ ಹಾಕಿದ್ದಿ ಮಾರಾಯಾ?' ಎಂದು ಆ ಅಂಗಡಿಯವನನ್ನು ಕೇಳಿದೆ.

'ಚಹಾದ ಉದ್ರಿ ಲೆಕ್ಕ ಇಟ್ಟೇನ್ರಿ, ಸಹೀದು ಇಟ್ಟಿಲ್ರಿ.'

'ಜಾಲಿಕಂಟಿ ತನಕ ಹೋಗಿದ್ದೇನು?'

'ಅಂಗಡಿ ಬಿಟ್ಟು ಹೆಂಗ ಹೋಗ್ಲಿರಿ?'

ಈಗ ಹೊಸ ಕಾನೂನಿನಲ್ಲಿ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು, ಪಂಚರು ಸಹಿ ಹಾಕುವುದನ್ನೂ ಸೇರಿಸಿ. ಅದನ್ನು ಹೇಳಿದೆ. ಅವನ ಕೈಯಲ್ಲಿದ್ದ ಸೋಸಣಿಗೆ ಅಲ್ಲೇ ನಿಂತಿತು.

'ಅಯ್ಯ, ಹಂಗಾದ್ರ ಇನ್ನ ಖರೇನ ಹೋಗಬೇಕೇನ್ರಿ?'