ಗವರ್ನರ್ ತೆಗೆಯುವ ಮುಂಚೆ
ಗವರ್ನರ್ (ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ಭಾಗ) ತೆಗೆದರೆ ಸಣ್ಣ ಎಂಜಿನ್ನಿಗೆ ತಕ್ಷಣ ಶಕ್ತಿ ಜಾಸ್ತಿ ಆಗುತ್ತದೆ ಎಂದು ಬರೆದಿದ್ದೀರಿ. ನಿಜವೇ, ಆದರೆ ಅಪಾಯವನ್ನೂ ಹೇಳಬೇಕಿತ್ತು ಅಲ್ವಾ? ಪಂಪು, ಜನರೇಟರುಗಳ ಇಂಥ ಎಂಜಿನ್ನು ಹೆಚ್ಚಾಗಿ 3600 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿ ಓಡಲೆಂದೇ ಮಾಡಿದ್ದು. ವೇಗ ಎರಡು ಪಟ್ಟಾದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲ್ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಎರಕದ ಫ್ಲೈವೀಲ್ ಸಿಡಿದರೆ ಪಕ್ಕದಲ್ಲಿ ನಿಂತವರ ಜೀವಕ್ಕೇ ಕುತ್ತು. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರಕವಚ) ತೂತಾಗುವುದೂ ಉಂಟು. ಮೊದಲು ಬಿಲ್ಲೆಟ್ (ಗಟ್ಟಿ ಲೋಹದ ಒಂದೇ ತುಂಡಿನಿಂದ ಕಡೆದ) ಫ್ಲೈವೀಲ್, ಗಟ್ಟಿ ರಾಡ್ ಹಾಕಿಸಿ, ವೇಗದ ಮಾತು ಆಮೇಲೆ.

ಸುಮ್ನೆ ಫಿಲ್ಟರ್, ಸೈಲೆನ್ಸರ್ ಬದಲಿಸಿದರೂ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಸಾಲದೆ ಹೋಗಬಹುದು. ಆಗ ಕಾರ್ಬ್ಯುರೇಟರಿಗೆ ಸ್ವಲ್ಪ ದೊಡ್ಡ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ತಿಳಿ ಕಂದು ಇದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲವೆಂದು ಅಲ್ಲಿಗೇ ನಿಲ್ಲಿಸಿ.