‘ಮಿಶ್ರ ಮೀನು, 40 ಕೆಜಿ’ ಅಂದ್ರೆ ಯಾವ ಲೆಕ್ಕ?

ಕನ್ನಂಬಾಡಿ ಹಿನ್ನೀರಲ್ಲಿ ತೆಪ್ಪ ದಡಕ್ಕೆ ಬಂದಾಗ ಹಿಡಿದ ಮೀನಿನ ಲೆಕ್ಕದ ಪುಸ್ತಕದಲ್ಲಿ ಹೀಗೆ ಬರೆದಿದ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದರಲ್ಲಿ ಕಾಟ್ಲಾ ಎಷ್ಟು, ರೋಹು ಎಷ್ಟು, ಜಿಲೇಬಿ ಮೀನು (ತಿಲಾಪಿಯಾ) ಎಷ್ಟು? ಹಿನ್ನೀರಿಗೆ ಬಿಟ್ಟ ಕಾಟ್ಲಾ ಮರಿ ಬೆಳೆದು ಬಲೆಗೆ ಬಂತೋ ಇಲ್ವೋ ಅಂತ ಈ ಒಂದು ಸಾಲಿಂದ ಹೇಗೆ ತಿಳಿಯಬೇಕು?

ತೂಕದ್ದೂ ಇದೇ ಹಾಡು. ಖಾಲಿ ಕ್ರೇಟ್ 2 ಕೆಜಿ ಇದ್ದು, ಕಳೆಯದೇ ತೂಗಿದ್ರೆ 10 ಕ್ರೇಟಿಗೆ 20 ಕೆಜಿ ಇಲ್ಲದ ಮೀನು ಪುಸ್ತಕ ಸೇರುತ್ತೆ. ಕರುಳು ತೆಗೆದ ಮೀನಿನ ತೂಕವನ್ನ ಇಡೀ ಮೀನಿನ ತೂಕದ ಜೊತೆ ಕೂಡಿಸಲೇಬೇಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ಬರಿಗೈಲಿ ಬಂದ ದಿನ ಪುಟ ಖಾಲಿ ಬಿಡೋದು. ಬಲೆ ಬಿಟ್ಟೂ ಮೀನು ಬೀಳದಿದ್ರೆ ಅಲ್ಲಿ ಸೊನ್ನೆ ಇರಲೇಬೇಕು. 10 ಬಲೆಗೆ ಬಂದ 40 ಕೆಜಿ ಬೇರೆ, 20 ಬಲೆಗೆ ಬಂದ 40 ಕೆಜಿ ಬೇರೆ. ಒಂದು ಬಲೆಗೆ 4 ಕೆಜಿ ಇದ್ದಿದ್ದು 2 ಕೆಜಿಗೆ ಇಳಿದಿದ್ದು ಒಟ್ಟು ತೂಕದಲ್ಲಿ ಕಾಣೋದೇ ಇಲ್ಲ! ನೀರಿನ ಮಟ್ಟವೂ ಬೇಕು. ನೀರು ಇಳಿದಾಗ ಮೀನು ಒತ್ತಾಗಿ ಸೇರಿ ಬಲೆಗೆ ಹೆಚ್ಚು ಬೀಳುತ್ತೆ, ಮೀನೇ ಹೆಚ್ಚಾಯ್ತು ಅಂತಲ್ಲ. ಬಲೆ ಎಷ್ಟು, ಬಲೆಯ ಕಣ್ಣಿನ (ರಂಧ್ರದ) ಅಳತೆ ಎಷ್ಟು, ನೀರಲ್ಲಿ ಎಷ್ಟು ಗಂಟೆ ಇತ್ತು ಅನ್ನೋದನ್ನ ದಡದಲ್ಲೇ, ಮೀನು ವ್ಯಾಪಾರಿಯ ಗಾಡಿ ಹತ್ತೋ ಮುಂಚೆ ಬರೀರಿ.